ಇವಾತಾ: ಕೋಡ್ ಬರೆಯುವ ಅಧ್ಯಕ್ಷ

ಕ್ಯೋಟೋ ಅಂದ ಕೂಡಲೇ ಊರಿನವರು ದೇವಸ್ಥಾನ, ಚೆರ್ರಿ ಹೂವಿನ ಬಗ್ಗೆ ಕೇಳುತ್ತಾರೆ. ಜಪಾನಿನ ವಿಡಿಯೋ ಗೇಮ್ ಕಂಪನಿ ನಿಂಟೆಂಡೊದ ಮುಖ್ಯ ಕಚೇರಿ ಇರುವುದೂ ಇಲ್ಲೇ. ಕ್ಯೋಟೋದ ದಕ್ಷಿಣಕ್ಕೆ ಬಿಳಿ ಬಣ್ಣದ ಸಾದಾ ಕಟ್ಟಡ. ಆ ಕಡೆ ಹೋದಾಗಲೆಲ್ಲ ನನಗೆ ಆ ಕಂಪನಿಯ ಅಧ್ಯಕ್ಷರಾಗಿದ್ದ ಸತೋರು ಇವಾತಾ ನೆನಪಾಗುತ್ತಾರೆ. ಬೆಂಗಳೂರಿನ ನನ್ನ ಸಾಫ್ಟ್‌ವೇರ್ ಗೆಳೆಯರಿಗೆ ಅವರ ಕಥೆ ಹೇಳಲೇಬೇಕು.

ಇವಾತಾ ಸಪ್ಪೊರೊದವರು, ಹುಟ್ಟಿದ್ದು 1959ರಲ್ಲಿ. ಟೋಕಿಯೋದಲ್ಲಿ ಓದುವಾಗಲೇ ಹ್ಯಾಲ್ ಲ್ಯಾಬೊರೇಟರಿ ಎಂಬ ಪುಟ್ಟ ಗೇಮ್ ಕಂಪನಿಯಲ್ಲಿ ಪಾರ್ಟ್ ಟೈಮ್ ಕೆಲಸಕ್ಕೆ ಸೇರಿದರು. ಡಿಗ್ರಿ ಮುಗಿದ ಮೇಲೂ ಅಲ್ಲೇ ಉಳಿದರು. 1993ರಲ್ಲಿ ಕಂಪನಿ ಮುಳುಗುವ ಹಂತದಲ್ಲಿತ್ತು, ಸಾಲ ಸುಮಾರು 150 ಕೋಟಿ ಯೆನ್. ಆಗ 33 ವರ್ಷದ ಇವಾತಾ ಹೆಗಲಿಗೆ ಅಧ್ಯಕ್ಷಗಿರಿ ಬಿತ್ತು. ಅವರು ಒಬ್ಬೊಬ್ಬ ನೌಕರನನ್ನೂ ಕೂರಿಸಿಕೊಂಡು ಮಾತಾಡಿಸಿದರು. ಆರು ವರ್ಷದಲ್ಲಿ ಸಾಲ ತೀರಿತು.

ಅಧ್ಯಕ್ಷರಾದರೂ ಕೋಡ್ ಬಿಡಲಿಲ್ಲ. ಕೈಯಲ್ಲಿ ಹಿಡಿದು ಆಡುವ ಗೇಮ್ ಬಾಯ್ ಯಂತ್ರದ ಪೋಕೆಮಾನ್ ಗೇಮಿನ ಕಾಳಗದ ಲೆಕ್ಕಾಚಾರವನ್ನು ಟಿವಿಗೆ ಜೋಡಿಸಿ ಆಡುವ ನಿಂಟೆಂಡೊ 64ಕ್ಕೆ ತರಬೇಕಿತ್ತು. ದಾಖಲೆ ಪತ್ರ ಒಂದೂ ಇರಲಿಲ್ಲ. ಇವಾತಾ ಮೂಲ ಕೋಡನ್ನೇ ಓದಿ ಒಂದು ವಾರದಲ್ಲಿ ಮುಗಿಸಿಕೊಟ್ಟರು. ಇನ್ನೊಬ್ಬರು ಬರೆದ ಕೋಡಿನೊಳಗೆ ಇಳಿದವರಿಗೆ ಗೊತ್ತು, ಅದು ಎಂಥಾ ಕೆಲಸ ಅಂತ!

2002ರಲ್ಲಿ, 42ನೇ ವಯಸ್ಸಿಗೆ ನಿಂಟೆಂಡೊ ಅಧ್ಯಕ್ಷರಾದರು. ಕಂಪನಿ ಕಟ್ಟಿದ ಯಾಮಾವುಚಿ ಮನೆತನದ ಹೊರಗಿನವರು ಆ ಕುರ್ಚಿಗೆ ಬಂದಿದ್ದು ಅದೇ ಮೊದಲು. ಡಿಎಸ್, ವೀ ಎಂಬ ಗೇಮ್ ಯಂತ್ರಗಳೆರಡೂ ಅವರ ಕಾಲದವು. ಗೇಮ್ ಮುಟ್ಟದ ಅಜ್ಜಿಯರೂ ವೀ ಕಂಟ್ರೋಲರ್ ಹಿಡಿದರು.

ನನಗೆ ಜಾಸ್ತಿ ಇಷ್ಟ ಅವರ ಕಷ್ಟಕಾಲದ ನಡೆ. 2011ರಲ್ಲಿ ಡಿಎಸ್ ನಂತರದ ಯಂತ್ರ 3ಡಿಎಸ್‌ನ ಮಾರಾಟ ಕುಸಿಯಿತು. ಬೆಲೆಯನ್ನು 25,000 ಯೆನ್‌ನಿಂದ 15,000ಕ್ಕೆ ಇಳಿಸಿದರು, ತಮ್ಮ ಸಂಬಳವನ್ನೂ ಅರ್ಧಕ್ಕೆ ಇಳಿಸಿಕೊಂಡರು. ವೀ ನಂತರದ ಯಂತ್ರ ವೀ ಯೂ ಸೋತಾಗ, 2014ರಲ್ಲಿ, ಮತ್ತೆ ಸಂಬಳ ಅರ್ಧಕ್ಕೆ ಇಳಿಸಿಕೊಂಡರು. ಕೆಲಸ ಹೋಗುವ ಭಯದಲ್ಲಿರುವವರು ಜನ ಮೆಚ್ಚುವ ಗೇಮ್ ಹೇಗೆ ಮಾಡಿಯಾರು ಎಂಬುದು 2013ರಲ್ಲಿ ಷೇರುದಾರರ ಮುಂದೆ ಅವರು ಇಟ್ಟ ವಾದ. ಲೇಆಫ್ ಸುದ್ದಿ ಓದಿ ನಿದ್ದೆಗೆಟ್ಟವರಿಗೆ ಈ ಮಾತಿನ ಬೆಲೆ ಗೊತ್ತಲ್ವಾ?

2015ರ ಜುಲೈ 11ರಂದು ಪಿತ್ತನಾಳದ ಗೆಡ್ಡೆಯಿಂದ ತೀರಿಕೊಂಡರು. 55 ವರ್ಷ ಅಷ್ಟೇ. ತಮ್ಮ ಕಂಪನಿಯ ಗೇಮ್ ಮಾಡುವವರನ್ನು ಎದುರು ಕೂರಿಸಿಕೊಂಡು ಅವರೇ ನಡೆಸಿದ ಸಂದರ್ಶನಗಳು ಇಂಗ್ಲಿಷಿನಲ್ಲೂ ಸಿಗುತ್ತವೆ. ಟೀಮ್ ನಡೆಸುವವರು ಒಂದೆರಡನ್ನಾದರೂ ಓದಿ. ಪ್ರಶ್ನೆ ಕೇಳಿ ಅವರು ಸುಮ್ನೆ ಕೇಳಿಸಿಕೊಳ್ಳುವ ರೀತಿ ನೋಡಿ.