ದಾವಣಗೆರೆಯ ಹೋಟೆಲ್ ಊಟಕ್ಕೆ ಮಕ್ಕಳ ಜೊತೆ ಹೊರಟಿದ್ದೀರಾ? ಇಷ್ಟು ಕೇಳಿಕೊಂಡು ಹೋಗಿ

ಮೂರು ವರ್ಷ ದಾಟಿದ ಮಗುವಿಗೂ ಪೂರ್ತಿ ಪ್ಲೇಟಿನ ದುಡ್ಡು. ದಾವಣಗೆರೆಯ ಆ ಹೋಟೆಲಿನವರು ಈ ಮಾತು ಹೇಳಿದ್ದು ಊಟ ಮುಗಿದು, ಐಸ್‌ಕ್ರೀಮ್ ಬಟ್ಟಲು ಎತ್ತಿದ ಮೇಲೆ. ದೊಡ್ಡಪ್ಪನ ರಿಟೈರ್‌ಮೆಂಟ್ ಅಂತ ಮನೆಮಂದಿಯೆಲ್ಲ ಸೇರಿದ ಊಟ ಅದು. ಬೆಂಗಳೂರು, ಶಿವಮೊಗ್ಗ, ರಾಣೆಬೆನ್ನೂರು ಅಂತ ಎಲ್ಲ ಕಡೆಯಿಂದ ನೆಂಟರು ಬಂದಿದ್ದರು. ಅರ್ಧದಷ್ಟು ಚಿಳ್ಳೆಪಿಳ್ಳೆಗಳೇ. ಎರಡು ತುತ್ತು ಮೊಸರನ್ನ ಬಿಟ್ಟು ಏನೂ ಮುಟ್ಟದ ನನ್ನ ಮಗಳ ಪ್ಲೇಟಿಗೂ 420 ರೂಪಾಯಿ. ದೊಡ್ಡಪ್ಪ ಮುಖ ಸಣ್ಣ ಮಾಡಿಕೊಂಡು ಕೊಡಲು ಹೊರಟರು. ಇಡೀ ಜೀವಮಾನ ಒಂದೊಂದು ರೂಪಾಯಿ ಲೆಕ್ಕ ಹಾಕಿ ಮನೆ ನಡೆಸಿದವರು ಅವರು. ನನಗೆ ಅದು ಸಹಿಸಲಾಗಲಿಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲು ಬಸ್ಸಿನ ವಿಷಯ. ಬೆಂಗಳೂರಿನಿಂದ ದಾವಣಗೆರೆ ಸುಮಾರು 260 ಕಿಲೋಮೀಟರ್. ಮಕ್ಕಳು ಮಲಗಿಕೊಂಡೇ ಬರಲಿ ಅಂತ ರಾತ್ರಿಯ ಖಾಸಗಿ ಸ್ಲೀಪರ್ ಹಿಡಿದೆವು. ಟಿಕೆಟಿನಲ್ಲಿ ಇಳಿಯುವ ಜಾಗ ‘ದಾವಣಗೆರೆ ಬಸ್ ನಿಲ್ದಾಣ’ ಅಂತಲೇ ಇತ್ತು. ಬೆಳಗಿನ ಜಾವ ಕ್ಲೀನರ್ ಬಂದು ಪರದೆ ಸರಿಸಿ, ‘ದಾವಣಗೆರೆ, ದಾವಣಗೆರೆ, ಬೇಗ ಇಳೀರಿ’ ಅಂದ. ಇಳಿದು ನೋಡಿದರೆ ಬೈಪಾಸ್. ಊರೊಳಗೆ ಹೋಗಲ್ವಾ ಅಂತ ಕೇಳಿದರೆ, ‘ಈ ಗಾಡಿ ಹುಬ್ಬಳ್ಳಿಗೆ ಹೋಗೋದು ಮೇಡಂ, ಒಳಗೆ ಹೋದ್ರೆ ಲೇಟಾಗ್ತದೆ’ ಅಂದು ಬಾಗಿಲು ಎಳೆದುಕೊಂಡ. ನನ್ನ ಹೆಗಲ ಮೇಲೆ ಎರಡು ವರ್ಷದ ಮಗ ನಿದ್ದೆಯಲ್ಲಿದ್ದಾನೆ. ಮಗಳ ಒಂದು ಚಪ್ಪಲಿ ಬಸ್ಸಿನಲ್ಲೇ ಉಳಿದಿದೆ. ನಮ್ಮ ಮನೆಯವರು ಎರಡೂ ಕೈಯಲ್ಲಿ ಬ್ಯಾಗ್ ಹಿಡಿದು ನಿಂತಿದ್ದಾರೆ. ಪಕ್ಕದಲ್ಲೇ ಲಾರಿಗಳು ಬುರ್ರನೆ ಹೋಗುತ್ತಿವೆ. ಅಲ್ಲಿದ್ದದ್ದು ಒಂದೇ ಆಟೋ. ಅವನು ಕೇಳಿದ್ದು ಮುನ್ನೂರು. ಚೌಕಾಸಿ ಮಾಡುವ ಹೊತ್ತಾ ಅದು?

ಹಗಲಲ್ಲಿ ಒಬ್ಬರೇ ಬರುವವರು ಬೈಪಾಸಿನಲ್ಲಿ ಇಳಿದರೆ ಚಿಂತೆಯಿಲ್ಲ. ಮಕ್ಕಳಿದ್ದರೆ ಬೇಡ. ಹುಬ್ಬಳ್ಳಿ, ಬೆಳಗಾವಿ ಕಡೆ ಹೋಗುವ ಬಸ್ ಹಿಡಿಯುವಾಗ ನಿಲ್ದಾಣದೊಳಗೆ ಬರುತ್ತಾ ಅಂತ ಹತ್ತುವ ಮೊದಲೇ ಡ್ರೈವರ್ ಬಾಯಲ್ಲಿ ಹೇಳಿಸಿ. ದಾವಣಗೆರೆಯೇ ಕೊನೆ ಅನ್ನುವ ಬಸ್ ಸಿಕ್ಕರೆ ಕಣ್ಣುಮುಚ್ಚಿ ಹತ್ತಬಹುದು.

ಎಲ್ಲಕ್ಕಿಂತ ಒಳ್ಳೆಯದು ರೈಲು. ವಾಪಸ್ ಬರುವಾಗ ನಾವು ಅದನ್ನೇ ಹಿಡಿದೆವು. ನಿಲ್ದಾಣ ಊರ ನಡುವೆಯೇ ಇದೆ. ಹುಬ್ಬಳ್ಳಿಯ ಜನಶತಾಬ್ದಿ, 2023ರ ಜೂನ್‌ನಲ್ಲಿ ಶುರುವಾದ ಧಾರವಾಡದ ವಂದೇ ಭಾರತ್, ಎರಡೂ ದಾವಣಗೆರೆಯಲ್ಲಿ ನಿಲ್ಲುತ್ತವೆ. ಐದು ತುಂಬದ ಮಗುವಿಗೆ ಬೇರೆ ಸೀಟು ಕೇಳದಿದ್ದರೆ ಟಿಕೆಟ್ ಬೇಡ. ಆದರೆ ನಾಲ್ಕು ತಾಸು ತೊಡೆಯ ಮೇಲೆ ಕೂರಿಸಿಕೊಳ್ಳುವುದು ನಿಮ್ಮಿಂದ ಆಗುತ್ತಾ ಅಂತ ಯೋಚಿಸಿ. ಐದು ದಾಟಿದ್ದು ಸೀಟು ಬೇಕೆಂದರೆ ದೊಡ್ಡವರ ದರವೇ. ಚಿತ್ರದುರ್ಗ, ಹರಿಹರದಂಥ ಹತ್ತಿರದ ಊರಿನವರಿಗೆ ಸರ್ಕಾರಿ ಬಸ್ಸೇ ಸಾಕು. ಆರರೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ, ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಶಕ್ತಿ ಯೋಜನೆಯಿಂದ ಹೆಂಗಸರಿಗೂ ಇಲ್ಲ. ಭಾನುವಾರದ ನೂಕುನುಗ್ಗಲು ಮಾತ್ರ ಗಟ್ಟಿ ಇದ್ದವರಿಗೆ.

ಊಟದ ದಿನ ಬೆಳಿಗ್ಗೆ ಮಕ್ಕಳನ್ನು ಕರೆದುಕೊಂಡು ಬೆಣ್ಣೆ ದೋಸೆಗೆ ಹೋದೆವು. ಇಡೀ ಪ್ರವಾಸದಲ್ಲಿ ನನ್ನ ಮನಸ್ಸು ತುಂಬಿದ್ದು ಅಲ್ಲೇ. ಪಿ.ಬಿ. ರಸ್ತೆಯಿಂದ ಒಳಗೆ ಹೋಗುವ ಒಂದು ಗಲ್ಲಿಯಲ್ಲಿ ಆರೇಳು ಬೆಂಚಿನ ಹೋಟೆಲು. ಬೋರ್ಡಿನ ಅಕ್ಷರ ಹೊಗೆಗೆ ಅರ್ಧ ಅಳಿಸಿಹೋಗಿದೆ. ಎಸಿ ಇಲ್ಲ, ಮಕ್ಕಳ ಕುರ್ಚಿ ಇಲ್ಲ, ಕಾಯುವವರು ನಿಮ್ಮ ಬೆನ್ನ ಹಿಂದೆಯೇ ನಿಂತಿರುತ್ತಾರೆ. ಆದರೂ ಮಕ್ಕಳಿಗೆ ಅದಕ್ಕಿಂತ ಒಳ್ಳೆಯ ಜಾಗ ನನಗೆ ದಾವಣಗೆರೆಯಲ್ಲಿ ಕಾಣಲಿಲ್ಲ.

ಯಾಕಂದ್ರೆ ಕಾವಲಿ ಕಣ್ಣೆದುರಿಗೇ ಇತ್ತು. ಕೆಳಗೆ ಸೌದೆ ಉರಿ. ದೋಸೆ ಹುಯ್ಯುವವರು ಕಡ್ಡಿ ಪೊರಕೆಯಿಂದ ನೀರು ಚಿಮುಕಿಸುತ್ತಾರೆ, ಚುಂಯ್ ಅಂತ ಆವಿ ಏಳುತ್ತದೆ, ಸಾಲಾಗಿ ಹಿಟ್ಟು ಬೀಳುತ್ತದೆ, ಬಟ್ಟಲ ತಳದಿಂದ ಒಂದೊಂದನ್ನೇ ತಿರುವುತ್ತಾರೆ. ಆಮೇಲೆ ಬೆಣ್ಣೆ. ಬಿಳಿ ಮುದ್ದೆ ಅಂಚಿನ ಕಡೆ ಜಾರಿಕೊಂಡು ಕರಗುವುದನ್ನು ನೋಡುತ್ತಾ ನನ್ನ ಮಗಳು ಬಾಯಿ ತೆರೆದು ನಿಂತಿದ್ದಳು. ಮೊಬೈಲ್ ಕೇಳಲೇ ಇಲ್ಲ. ಇಲ್ಲಿ ದೋಸೆ ಹಿಟ್ಟಿಗೆ ಅಕ್ಕಿ, ಉದ್ದಿನ ಬೇಳೆ ಜೊತೆ ಮಂಡಕ್ಕಿಯನ್ನೂ ನೆನೆಸಿ ರುಬ್ಬುತ್ತಾರೆ. ಅದಕ್ಕೇ ಅಂಚು ಗರಿಗರಿ, ನಡುವೆ ಮೆತ್ತಗೆ. ನಡುವಿನ ಭಾಗವನ್ನು ಹಲ್ಲು ಪೂರ್ತಿ ಬಾರದ ಮಗುವೂ ತಿನ್ನುತ್ತದೆ.

ಚಿಕ್ಕ ಮಕ್ಕಳಿಗೆ ಖಾಲಿ ದೋಸೆ ಹೇಳಿ. ಒಂದು ಚಮಚ ಆಲೂಗಡ್ಡೆ ಪಲ್ಯ ಬೇರೆ ಕೇಳಿ ಪಡೆಯಿರಿ. ಪಲ್ಯ ಸಪ್ಪಗೇ ಇರುತ್ತದೆ, ಚಟ್ನಿ ಮಾತ್ರ ಹುಷಾರು. ನೋಡಲು ತಣ್ಣಗೆ ಬೆಳ್ಳಗಿದ್ದರೂ ಹಸಿಮೆಣಸಿನ ಖಾರ ನಾಲಿಗೆ ಚುರುಕ್ ಅನ್ನಿಸುತ್ತದೆ. ಓಪನ್ ದೋಸೆಗೆ ಚಟ್ನಿಪುಡಿ ಉದುರಿಸಿರುತ್ತಾರೆ, ಅದು ದೊಡ್ಡವರಿಗಿರಲಿ. ಬಡಿಸುವ ಹುಡುಗನಿಗೆ ನಾವು ಏನೂ ಹೇಳಿರಲಿಲ್ಲ. ಮಗನ ಕೈ ದೋಸೆಯತ್ತ ಹೋಗಿದ್ದನ್ನು ನೋಡಿ ತಾನೇ ಇನ್ನೊಂದು ಖಾಲಿ ತಟ್ಟೆ ತಂದ. ‘ಆರಿಸಿ ಕೊಡ್ರಿ ಅಕ್ಕಾರೆ, ಕೂಸಿನ ಕೈ ಸುಡ್ತತಿ’ ಅಂದ. ದೋಸೆಯನ್ನು ಅವನೇ ನಾಲ್ಕು ಚೂರು ಮಾಡಿ ಹರಡಿಟ್ಟು ಹೋದ. ಎರಡು ನಿಮಿಷಕ್ಕೆ ಮತ್ತೆ ಬಂದು ನೋಡಿದ. ನಾಲ್ವರ ತಿಂಡಿ, ಎರಡು ಕಾಫಿ ಸೇರಿ ಮುನ್ನೂರು ದಾಟಲಿಲ್ಲ. ಹತ್ತು ಗಂಟೆಯೊಳಗೆ ಹೋಗಿ. ಆಮೇಲೆ ಭಾನುವಾರ ಕಾಲಿಡಲೂ ಜಾಗ ಇರುವುದಿಲ್ಲ.

ಇನ್ನು ಮಧ್ಯಾಹ್ನದ ಊಟ. ಹಾಲ್ ಇದ್ದದ್ದು ಎರಡನೇ ಮಹಡಿಯಲ್ಲಿ, ಲಿಫ್ಟ್ ಕೆಟ್ಟಿತ್ತು. ಕೆಳಗೆ ಬಾರ್. ಆ ಬಾಗಿಲ ಮುಂದೆಯೇ ಮೆಟ್ಟಿಲು ಹತ್ತಬೇಕು. ನಮ್ಮ ಮನೆಯ ಅಜ್ಜಿಯರಿಗೆ ಅದು ಹಿಡಿಸಲಿಲ್ಲ, ನನಗೂ ಹಿಡಿಸಲಿಲ್ಲ. ಹಾಲ್ ಬುಕ್ ಮಾಡುವವರು ಫೋಟೋ ನೋಡಿ ಸುಮ್ಮನಾಗಬಾರದು. ಮನೆಯವರಲ್ಲಿ ಒಬ್ಬರು ಹೋಗಿ ಮೆಟ್ಟಿಲು ಹತ್ತಿ, ಶೌಚಾಲಯದ ಬಾಗಿಲು ಹಾಕಿ ತೆಗೆದು ನೋಡಿ ಬರಬೇಕು. ಇಲ್ಲಿ ಚಿಲಕ ಕಿತ್ತುಹೋಗಿತ್ತು. ಕೈ ತೊಳೆಯುವ ಬೇಸಿನ್ ನನ್ನ ಎದೆಮಟ್ಟಕ್ಕಿತ್ತು. ಪ್ರತಿ ಮಗುವನ್ನೂ ಎತ್ತಿ ಹಿಡಿದೇ ಕೈ ತೊಳೆಸಬೇಕು.

ಊಟ ಒಂದು ಗಂಟೆಗೆ ಅಂದಿದ್ದರು. ಹೂಗುಚ್ಛ, ಶಾಲು, ಭಾಷಣ, ಕೇಕ್ ಎಲ್ಲ ಆಗಿ ಸೂಪ್ ಬಂದಾಗ ಎರಡಾಗಿತ್ತು. ಆಮೇಲೆ ಗೋಬಿ ಮಂಚೂರಿ, ಆಮೇಲೆ ರೋಟಿ, ಪನೀರ್, ಅನ್ನ ಎಲ್ಲದರ ಕೊನೆಗೆ. ಮಕ್ಕಳ ಹೊಟ್ಟೆ ಹನ್ನೆರಡೂವರೆಗೆ ಹಸಿಯುತ್ತದೆ, ಮಕ್ಕಳು ತಿನ್ನುವ ಮೊಸರನ್ನ ಮೂರು ಗಂಟೆಗೆ ಬರುತ್ತದೆ. ನಡುವಿನ ಹೊತ್ತಲ್ಲಿ ಅವು ಅತ್ತರೆ ‘ಮಕ್ಕಳು ಭಾರಿ ಹಟ’ ಅನ್ನುವ ಮಾತು ಬೇರೆ. ಹಟವಲ್ಲ, ಹಸಿವು. ನಾನು ಸೀದಾ ಅಡುಗೆಮನೆ ಬಾಗಿಲಿಗೆ ಹೋಗಿ, ‘ಅಣ್ಣಾ, ಅನ್ನ ಆಗಿದೆಯಾ? ಮಕ್ಕಳಿಗೆ ಅನ್ನ, ಬೇಳೆ ಕಟ್ಟು, ಮೊಸರು ಈಗಲೇ ಕೊಡಿ’ ಅಂದೆ. ಅನ್ನ ಆಗಲೇ ಆಗಿ ಕೂತಿತ್ತು! ಹತ್ತು ನಿಮಿಷದಲ್ಲಿ ಬಂತು. ಮಕ್ಕಳನ್ನೆಲ್ಲ ಒಂದೇ ಟೇಬಲ್ಲಿಗೆ ಕೂರಿಸಿ ಉಣಿಸಿದೆವು. ಅಳು ನಿಂತಿತು, ಭಾಷಣವೂ ಕೇಳಿಸಿತು. ಬುಕ್ ಮಾಡುವಾಗಲೇ ‘ಹನ್ನೆರಡೂವರೆಗೆ ಮಕ್ಕಳ ಪಂಕ್ತಿ ಮೊದಲು’ ಅಂತ ಹೇಳಿಬಿಡಿ. ಮದುವೆಮನೆಯಲ್ಲಿ ನಾವು ಮಾಡುವುದು ಅದನ್ನೇ ಅಲ್ವಾ?

ಬಿಸಿ ಸೂಪಿನ ಬಟ್ಟಲನ್ನು ಮಗುವಿನ ಮುಂದೆ ಇಡಲು ಬಿಡಬೇಡಿ. ಎತ್ತರದ ಮಕ್ಕಳ ಕುರ್ಚಿ ಅಲ್ಲಿ ಎರಡೇ ಇದ್ದವು, ಒಂದರ ಬೆಲ್ಟ್ ಹರಿದಿತ್ತು. ಬೆಲ್ಟ್ ಇಲ್ಲದ ಕುರ್ಚಿಗಿಂತ ತೊಡೆಯೇ ವಾಸಿ. ಎಸಿ ಗಾಳಿ ನೇರ ಬೀಳದ ಜಾಗ, ಸ್ಪೀಕರಿನಿಂದ ದೂರದ ಟೇಬಲ್ ಹುಡುಕಿ. ಹೊರಗೆ ಮೇ ತಿಂಗಳ ಧಗೆ, ಒಳಗೆ ನಡುಕ. ಒಂದು ಸ್ವೆಟರ್ ಬ್ಯಾಗಿನಲ್ಲಿರಲಿ.

ಗೋಬಿ ಬಗ್ಗೆ ಒಂದು ಮಾತು. ಕೆಂಪಗೆ ಕುಂಕುಮ ಮೆತ್ತಿದಂತಿದ್ದರೆ ಮಕ್ಕಳಿಗೆ ಕೊಡಬೇಡಿ. 2024ರ ಮಾರ್ಚ್‌ನಲ್ಲಿ ನಮ್ಮ ರಾಜ್ಯದಲ್ಲಿ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿದರು. ಆಗ ಪರೀಕ್ಷೆಗೆ ಕಳಿಸಿದ 171 ಗೋಬಿ ಮಾದರಿಗಳಲ್ಲಿ 107 ಅಸುರಕ್ಷಿತ ಅಂತ ಬಂದಿತ್ತು. ಬಾಂಬೆ ಮಿಠಾಯಿಯ ಬಣ್ಣಕ್ಕೂ ಅದೇ ನಿಷೇಧ. ಹೊಗೆ ಬರುವ ಬಿಸ್ಕೆಟ್, ಹೊಗೆಯಾಡುವ ಜ್ಯೂಸ್ ಎಲ್ಲಾದರೂ ಕಂಡರೆ ಹತ್ತಿರವೂ ಬಿಡಬೇಡಿ. 2024ರ ಏಪ್ರಿಲ್‌ನಲ್ಲಿ ಸ್ಮೋಕ್ ಬಿಸ್ಕೆಟ್ ತಿಂದು ಹುಡುಗನೊಬ್ಬ ನೋವಿನಿಂದ ಒದ್ದಾಡಿದ ವಿಡಿಯೋ ಎಲ್ಲರೂ ನೋಡಿರುತ್ತೀರಿ. ಅದು ಇದೇ ದಾವಣಗೆರೆಯದು. ಅದರಲ್ಲಿ ಬಳಸುವುದು ದ್ರವ ಸಾರಜನಕ, ಮೈನಸ್ 196 ಡಿಗ್ರಿಯಲ್ಲಿ ಕುದಿಯುವ ವಸ್ತು.

ಕೇಕ್ ಕತ್ತರಿಸುವಾಗ ದೊಡ್ಡ ಹುಡುಗರು ಸ್ನೋ ಸ್ಪ್ರೇ ತೆಗೆದರು. ಮೇಣದಬತ್ತಿ ಇನ್ನೂ ಉರಿಯುತ್ತಿತ್ತು. ಆ ಡಬ್ಬದಲ್ಲಿರುವ ಗ್ಯಾಸ್‌ಗೆ ಬೆಂಕಿ ತಗುಲಿದರೆ ಭಗ್ಗನೆ ಹತ್ತಿಕೊಳ್ಳುತ್ತದೆ. ದೊಡ್ಡಮ್ಮ ಜೋರು ದನಿಯಲ್ಲಿ, ‘ಆ ಡಬ್ಬಿ ಇಲ್ಲಿ ಕೊಡ್ರೋ’ ಅಂದು ಕಸಿದು ತಮ್ಮ ಚೀಲಕ್ಕೆ ಹಾಕಿಕೊಂಡರು. ಒಬ್ಬರಾದರೂ ಹಾಗೆ ಗದರುವವರು ಬೇಕು.

ಈಗ ಬಿಲ್ಲು. ಬುಕ್ಕಿಂಗ್ ಆಗಿದ್ದು ಕನಿಷ್ಠ 50 ಪ್ಲೇಟ್ ಅಂತ. ಅದು ಮಾತಿನಲ್ಲಿತ್ತು, ಸರಿ. ಮಕ್ಕಳ ವಯಸ್ಸಿನ ಮಾತು ಎಲ್ಲೂ ಬಂದಿರಲಿಲ್ಲ. ಮ್ಯಾನೇಜರ್ ‘ರೂಲ್ಸ್’ ಅಂದ. ಎಲ್ಲಿ ಬರೆದಿದೆ ತೋರಿಸಿ ಅಂದರೆ ತೋರಿಸಲಿಲ್ಲ. ಬಿಲ್ಲಿನ ಕೆಳಗೆ ಶೇ. 10 ಸರ್ವಿಸ್ ಚಾರ್ಜ್ ಬೇರೆ ಸೇರಿಸಿದ್ದರು. ಇದನ್ನು ಎಲ್ಲರೂ ತಿಳಿದುಕೊಳ್ಳಿ: ಸರ್ವಿಸ್ ಚಾರ್ಜನ್ನು ಹೋಟೆಲಿನವರು ತಾವಾಗಿಯೇ ಬಿಲ್ಲಿಗೆ ಸೇರಿಸುವಂತಿಲ್ಲ ಅಂತ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲೇ ಹೇಳಿದೆ. 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಕೂಡ ಅದನ್ನು ಎತ್ತಿಹಿಡಿದಿದೆ. ಕೊಡುವುದು ಬಿಡುವುದು ನಮ್ಮ ಇಷ್ಟ. ಜಿಎಸ್‌ಟಿ ಬೇರೆ, ಅದನ್ನು ಕೊಡಲೇಬೇಕು. ಮಾಮೂಲಿ ಹೋಟೆಲ್ ಊಟಕ್ಕೆ ಅದು ಶೇ. 5. ನಮ್ಮ ಮನೆಯವರು ದನಿ ಏರಿಸದೆ, ‘1915ಕ್ಕೆ ಫೋನ್ ಮಾಡಿ ಕೇಳೋಣ್ವಾ?’ ಅಂದರು. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಸರ್ವಿಸ್ ಚಾರ್ಜ್ ಹೋಯಿತು. ಮಕ್ಕಳ ಪ್ಲೇಟು ಮಾತ್ರ ಅರ್ಧ ದರಕ್ಕೆ ಇಳಿಯಿತೇ ಹೊರತು ಪೂರ್ತಿ ಹೋಗಲಿಲ್ಲ.

ನೀರಿನ ಬಾಟಲಿಗೂ ಎಂಆರ್‌ಪಿಗಿಂತ ಜಾಸ್ತಿ ಹಾಕಿದ್ದರು. ಅದಕ್ಕೆ ಜಗಳ ಆಡಿ ಪ್ರಯೋಜನವಿಲ್ಲ. ಕೂರಿಸಿ ಬಡಿಸುವ ಹೋಟೆಲು ಎಂಆರ್‌ಪಿಗೇ ಮಾರಬೇಕೆಂದಿಲ್ಲ ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ಮಕ್ಕಳಿಗೆ ಕಾಯಿಸಿ ಆರಿಸಿದ ನೀರು ಮನೆಯಿಂದಲೇ ಒಯ್ಯಿರಿ.

ಹಾಗಾಗಿ ಹಾಲ್ ಬುಕ್ ಮಾಡುವ ಮೊದಲು ವಾಟ್ಸ್ಯಾಪಿನಲ್ಲಿ ಬರೆಸಿಕೊಳ್ಳಿ. ಎಷ್ಟು ವರ್ಷದೊಳಗಿನ ಮಕ್ಕಳಿಗೆ ದುಡ್ಡಿಲ್ಲ, ಎಷ್ಟರವರೆಗೆ ಅರ್ಧ, ಹೊರಗಿನ ಕೇಕ್ ತಂದರೆ ಚಾರ್ಜ್ ಇದೆಯಾ, ಎಸಿಗೆ ಬೇರೆಯಾ. ಬಾಯಿಮಾತಿಗೆ ಬೆಲೆ ಇಲ್ಲ. ನೆಂಟರಾಗಿ ಹೋಗುವವರೂ ಕರೆದವರನ್ನು ಇದನ್ನೆಲ್ಲ ಕೇಳಬಹುದು. ಸಂಕೋಚ ಬೇಡ. ಕೊನೆಗೆ ದುಡ್ಡು ಹೋಗುವುದು ಅವರದೇ.

ಊಟದ ನಂತರ ಮಕ್ಕಳಿಗೆ ಓಡಾಡಲು ಜಾಗ ಬೇಕಲ್ಲ, ಕುಂದುವಾಡ ಕೆರೆ ಹತ್ತಿರದ ಗಾಜಿನ ಮನೆಗೆ ಹೋಗಿ. ಲಾಲ್‌ಬಾಗಿನ ಗಾಜಿನ ಮನೆಯ ಮಾದರಿಯಲ್ಲೇ ಕಟ್ಟಿದ್ದಾರೆ, ಅದಕ್ಕಿಂತ ದೊಡ್ಡದು. ಬಿಸಿಲು ಇಳಿದ ಮೇಲೆ ಹೋಗುವುದೇ ಸರಿ. ದಾರಿಯಲ್ಲಿ ಮಂಡಕ್ಕಿ ಕಟ್ಟಿಸಿಕೊಳ್ಳಿ. ದೊಡ್ಡವರಿಗೆ ಖಾರಾ ಮಂಡಕ್ಕಿ, ಮಿರ್ಚಿ. ಮಕ್ಕಳಿಗೆ ಸಪ್ಪೆ ಮಂಡಕ್ಕಿ ಸಾಕು. ಶೇಂಗಾ ಇದ್ದರೆ ಆರಿಸಿ ತೆಗೆದುಬಿಡಿ, ಚಿಕ್ಕ ಮಕ್ಕಳ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಉಳಿದ ಮಂಡಕ್ಕಿಯನ್ನು ಡಬ್ಬಿಗೆ ಹಾಕಿ ಮುಚ್ಚಳ ಬಿಗಿ ಮಾಡಿಟ್ಟರೆ ರೈಲಿನಲ್ಲಿ ಅರಸೀಕೆರೆ ದಾಟುವವರೆಗೂ ಮಕ್ಕಳಿಗೆ ಕೈತುಂಬ ಕೆಲಸ.