ಗಿಸ್ಟ್ ಕಾರ್ಡನ್ನು ಬಿಡಿಯಾಗಿ ಕೊಡುವುದಿಲ್ಲ

ಗದಗಿನಲ್ಲಿ ನಮ್ಮ ಕಾಕಾ ನಡೆಸುತ್ತಿದ್ದ ಮುದ್ರಣಾಲಯದ ಅಟ್ಟದ ಮೇಲೆ ಮೂವತ್ತು ವರ್ಷಕ್ಕೂ ಹಳೆಯದಾದ ಎರಡು ಕಂಪ್ಯೂಟರ್‌ಗಳಿದ್ದವು. ಕಟ್ಟಡ ಖಾಲಿ ಮಾಡುವ ಹೊತ್ತಿಗೆ ಬಂದ ಗುಜರಿ ವ್ಯಾಪಾರಿ, "ಇಡೀ ಮಷಿನ್ ಯಾರೂ ಒಯ್ಯೂದಿಲ್ರಿ ಸರ, ಬಿಚ್ಚಿ ಬ್ಯಾರೆ ಬ್ಯಾರೆ ಮಾಡಿದ್ರ ನಾಕು ರೊಕ್ಕ ಬರತಾವ" ಎಂದರು. ತೂಕಕ್ಕೆ ಕೊಳ್ಳುವವರಿಗೆ ತಾಮ್ರದ ತಂತಿ ಮತ್ತು ಸೆರಾಮಿಕ್ ಪ್ರೊಸೆಸರಿನ ಚಿನ್ನದ ಲೇಪ ಮುಖ್ಯವಾದ್ದರಿಂದ ಅವರ ಲೆಕ್ಕ ಅವರಿಗೆ ಸರಿಯೇ. ನಾನು ಮಾತ್ರ ಎರಡನ್ನೂ ಬಿಚ್ಚಿ ನೋಡಿದ ಮೇಲೆಯೇ ತೀರ್ಮಾನಿಸಿದೆ.

ಮೊದಲನೆಯದು 486 ಪ್ರೊಸೆಸರಿನ ಯಂತ್ರ. ಮದರ್‌ಬೋರ್ಡಿನ ಮೂಲೆಯಲ್ಲಿದ್ದ 3.6 ವೋಲ್ಟ್‌ನ ನಿಕಲ್-ಕ್ಯಾಡ್ಮಿಯಂ ಬ್ಯಾಟರಿ ಸೋರಿ, ಹಸಿರು ಪುಡಿ ಕಟ್ಟಿ, ಸುತ್ತಲಿನ ತಾಮ್ರದ ಗೆರೆಗಳನ್ನು ತಿಂದುಹಾಕಿತ್ತು. ಸೋರಿದ್ದು ಕ್ಷಾರವಾದ್ದರಿಂದ ಹತ್ತಿಯನ್ನು ವಿನೆಗರಿನಲ್ಲಿ ಅದ್ದಿ ಒರೆಸಿದೆ. ಪುಡಿ ಹೋಯಿತು, ಗೆರೆಗಳು ಮರಳಲಿಲ್ಲ. ಇಂಥ ಯಂತ್ರವನ್ನು ಬಿಡಿಯಾಗಿ ಮಾರುವುದರಲ್ಲಿ ತಪ್ಪೇನೂ ಇಲ್ಲ. ಅದರ ಮೆಮೊರಿ, ಫ್ಲಾಪಿ ಡ್ರೈವ್, ಪವರ್ ಸಪ್ಲೈಗಳಿಂದ ಬೇರೆಯವರ ಯಂತ್ರ ಬದುಕಬಹುದು. ಒಂದೊಂದನ್ನೂ ಪರೀಕ್ಷಿಸಿ, ದೋಷವಿದ್ದರೆ ಅದರ ಚಿತ್ರವನ್ನೂ ತೋರಿಸಿ ಕೊಟ್ಟೆ.

ಎರಡನೆಯದು ಅದಕ್ಕೂ ಹಿಂದಿನ ಪೀಳಿಗೆಯ 386. ಅದರೊಳಗೆ ಗಿಸ್ಟ್ ಕಾರ್ಡ್ ಇದೆ. ಐಐಟಿ ಕಾನ್ಪುರದ ಸಂಶೋಧನೆಯಿಂದ ಹುಟ್ಟಿ, 1988ರಲ್ಲಿ ಸ್ಥಾಪನೆಯಾದ ಪುಣೆಯ ಸಿ-ಡ್ಯಾಕ್ ಎಂಬ ಸರ್ಕಾರಿ ಕಂಪ್ಯೂಟರ್ ಸಂಶೋಧನಾ ಸಂಸ್ಥೆಯಲ್ಲಿ ಬೆಳೆದ ಈ ಕಾರ್ಡು, ಇಂಗ್ಲಿಷಿಗಾಗಿಯೇ ಬರೆದಿದ್ದ ಡಾಸ್ (ವಿಂಡೋಸ್‌ಗಿಂತ ಹಿಂದಿನ ಕಾರ್ಯಾಚರಣ ವ್ಯವಸ್ಥೆ) ತಂತ್ರಾಂಶಗಳ ಪರದೆಯ ಮೇಲೆ ಭಾರತೀಯ ಲಿಪಿಗಳನ್ನು ಮೂಡಿಸುತ್ತಿತ್ತು. ಕೀಲಿಗಳ ಮೇಲೆ ಕಾಕಾ ಅಂಟಿಸಿದ ಕನ್ನಡ ಅಕ್ಷರಗಳ ಚೀಟಿಗಳು ಇನ್ನೂ ಇವೆ. ಅವುಗಳಲ್ಲಿ ಪೂರ್ತಿ ಸವೆದು ಬೆಳ್ಳಗಾಗಿರುವುದು ಡಿ ಕೀಲಿಯದು, ಏಕೆಂದರೆ ಭಾರತೀಯ ಭಾಷೆಗಳಿಗಾಗಿ ರೂಪಿಸಿದ ಇನ್‌ಸ್ಕ್ರಿಪ್ಟ್ ಕೀಲಿ ವಿನ್ಯಾಸದಲ್ಲಿ ಒತ್ತಕ್ಷರ ಬೇಕಾದಾಗಲೆಲ್ಲ ಆ ಕೀಲಿಯನ್ನೇ ಒತ್ತಬೇಕು. ಎಷ್ಟು ಸಾವಿರ ಲಗ್ನಪತ್ರಿಕೆಗಳ ಒತ್ತಕ್ಷರಗಳು ಆ ಒಂದು ಕೀಲಿಯ ಮೇಲೆ ಹಾದುಹೋಗಿವೆಯೋ!

ಬೆಂಗಳೂರಿನ ಸಂಗ್ರಾಹಕರೊಬ್ಬರು ಕಾರ್ಡೊಂದನ್ನೇ ಕೇಳಿದರು. ಹೇಳಿದ ಬೆಲೆಯೂ ಒಳ್ಳೆಯದಿತ್ತು. ಆದರೆ ಅದು ಕೂರುವ ಐಎಸ್‌ಎ ಎಂಬ ಹಳೆಯ ಬಗೆಯ ಸ್ಲಾಟ್ ಇಂದಿನ ಸಾಮಾನ್ಯ ಮದರ್‌ಬೋರ್ಡುಗಳಲ್ಲಿ ಇಲ್ಲ. ಕಾರ್ಡನ್ನು ಕಿತ್ತರೆ ಅವರ ಕಪಾಟಿನಲ್ಲಿ ಒಂದು ಮೂಕ ಹಲಗೆ, ನನ್ನ ಬಳಿ ಕನ್ನಡ ಬಾರದ ಒಂದು ಪೆಟ್ಟಿಗೆ ಉಳಿಯುತ್ತವೆ. ಕೀಬೋರ್ಡ್, ಫ್ಲಾಪಿಗಳು, ಕೈಪಿಡಿ, ಮಾನಿಟರ್ ಎಲ್ಲವೂ ಜೊತೆಗಿದ್ದಾಗ ಮಾತ್ರ ಈ ಯಂತ್ರಕ್ಕೆ ಅರ್ಥವಿದೆಯೆಂದು ನಾನು ದೃಢವಾಗಿ ನಂಬಿರುವುದರಿಂದ, ಬಿಡಿಬಿಡಿಯಾಗಿ ಬರಬಹುದಾದ ಹೆಚ್ಚಿನ ಹಣವನ್ನು ಬಿಟ್ಟುಕೊಡಲು ಸಿದ್ಧನಿದ್ದೇನೆ.

ಹಾರ್ಡ್ ಡಿಸ್ಕಿನಲ್ಲಿದ್ದ ಗಿರಾಕಿಗಳ ಹೆಸರು, ವಿಳಾಸಗಳನ್ನು ಅಳಿಸಿದ್ದೇನೆ. ಕಾಕಾ ಬರೆದಿಟ್ಟಿದ್ದ ಒಂದು ಅಭಿನಂದನ ಪತ್ರವನ್ನು ಮಾತ್ರ ಭಾರತೀಯ ಲಿಪಿಗಳ ಹಳೆಯ ಸಂಕೇತ ಪದ್ಧತಿಯಾದ ಇಸ್ಕಿಯಿಂದ ಇಂದಿನ ಯೂನಿಕೋಡಿಗೆ ಪರಿವರ್ತಿಸಿ ನನ್ನ ಬಳಿ ಇರಿಸಿಕೊಂಡೆ. ಬರುವ ಭಾನುವಾರ ಧಾರವಾಡದಿಂದ ಉಪನ್ಯಾಸಕರೊಬ್ಬರು ಯಂತ್ರವನ್ನು ನೋಡಲು ಬರಲಿದ್ದಾರೆ. ಅವರೆದುರಿಗೇ ಅದನ್ನು ಚಾಲೂ ಮಾಡಿ, ಪರದೆಯ ಮೇಲೆ ಕನ್ನಡ ಮೂಡಿದ ಬಳಿಕವೇ ಬೆಲೆಯ ಮಾತು.