ಟ್ಯಾಬ್ ರೂಟ್ ಮಾಡುವ ಮುನ್ನ: ಎರಡು ಬಾಗಿಲು, ಒಂದು ಫ್ಯೂಸ್

“ಟ್ಯಾಬ್ ತುಂಬಾ ಸ್ಲೋ ಆಗಿದೆ, ರೂಟ್ ಮಾಡಿದರೆ ಸರಿಹೋಗುತ್ತಾ?” ಎಂದು ಕೇಳುವವರಿಗೆ ಉತ್ತರ ಚಿಕ್ಕದು: ಇಲ್ಲ. ರೂಟ್ ಮಾಡಿದ ಮಾತ್ರಕ್ಕೆ 3 ಜಿಬಿ ರ‍್ಯಾಮ್ 4 ಆಗುವುದಿಲ್ಲ, ಫೈಲುಗಳನ್ನು ಇಟ್ಟುಕೊಳ್ಳುವ ಇಎಂಎಂಸಿ ಚಿಪ್ ಬೇಗ ಓದಿ ಬರೆಯಲು ಶುರು ಮಾಡುವುದಿಲ್ಲ. ಸಿಸ್ಟಂ ಫೈಲುಗಳಿಗೆ ಕೈ ಹಾಕುವ ಅಧಿಕಾರ ಸಿಗುತ್ತದೆ, ಅಷ್ಟೆ. ಆ ಅಧಿಕಾರ ಇಲ್ಲದೆ ಆಗದಂಥ ಕೆಲಸ ನಿಮ್ಮ ಬಳಿ ಇದೆಯೇ ಎಂಬುದನ್ನು ಮೊದಲು ಗಟ್ಟಿ ಮಾಡಿಕೊಳ್ಳಿ.

ಮಾತು ಗಾಳಿಯಲ್ಲಿ ತೇಲದಿರಲಿ ಅಂತ ಒಂದೇ ಮಾಡೆಲ್ ಹಿಡಿದು ಹೋಗೋಣ. ಸ್ಯಾಮ್‌ಸಂಗ್ ಗ್ಯಾಲಕ್ಸಿ ಟ್ಯಾಬ್ ಎ7, 10.4 ಇಂಚು. ವೈ-ಫೈ ಮಾತ್ರ ಇರುವುದು ಎಸ್‌ಎಂ-ಟಿ500, ಸಿಮ್ ಹಾಕುವಂಥದ್ದು ಎಸ್‌ಎಂ-ಟಿ505. 2020ರಲ್ಲಿ ಬಂದದ್ದು, ಆನ್‌ಲೈನ್ ಕ್ಲಾಸಿನ ಕಾಲದಲ್ಲಿ ಕೊಂಡು ಈಗ ಶೋಕೇಸಿನಲ್ಲಿ ಧೂಳು ತಿನ್ನುತ್ತಿರುವ ಟ್ಯಾಬ್‌ಗಳ ಪೈಕಿ ಇದೂ ಒಂದು. ಸ್ನ್ಯಾಪ್‌ಡ್ರಾಗನ್ 662, 3 ಜಿಬಿ ರ‍್ಯಾಮ್, 7040 ಎಂಎಎಚ್ ಬ್ಯಾಟರಿ. ಆಂಡ್ರಾಯ್ಡ್ 10ರಲ್ಲಿ ಹುಟ್ಟಿ 12ಕ್ಕೆ ನಿಂತುಹೋಯಿತು. ಪರದೆ ಚೆನ್ನಾಗಿದೆ, ಸ್ಪೀಕರ್ ನಾಲ್ಕಿವೆ, ಬಿಸಾಕಲು ಮನಸ್ಸು ಬರುವುದಿಲ್ಲ. ರೂಟ್ ಯೋಚನೆ ಹುಟ್ಟುವುದೇ ಇಂಥ ಹೊತ್ತಿನಲ್ಲಿ.

ಕನ್ನಡಿಗರಿಗೆ ರೂಟ್ ಆಸೆ ಹುಟ್ಟಿಸಿದ್ದು ಬೇರೆಯೇ ಕಾರಣ. ಆಂಡ್ರಾಯ್ಡ್ 2.3ರ ಕಾಲದಲ್ಲಿ ಕನ್ನಡ ಅಂದರೆ ಸಾಲು ಸಾಲು ಚೌಕಗಳು. ಕೆಲವರು ಆಪೆರಾ ಮಿನಿಯ ಸೆಟ್ಟಿಂಗ್ ಬದಲಿಸಿ ಅಕ್ಷರಗಳನ್ನು ಚಿತ್ರವಾಗಿ ತರಿಸಿಕೊಂಡು ಓದಿದರೆ, ಉಳಿದವರು ರೂಟ್ ಮಾಡಿ ಫಾಂಟನ್ನು ಸಿಸ್ಟಂ ಫೋಲ್ಡರಿಗೆ ತುರುಕಿದರು. ಅಷ್ಟಾದರೂ ಒತ್ತಕ್ಷರ ಕೂಡಿಕೊಳ್ಳುತ್ತಿರಲಿಲ್ಲ. ಅಕ್ಷರ ಜೋಡಿಸುವ ವ್ಯವಸ್ಥೆಯೇ ಒಳಗೆ ಇರಲಿಲ್ಲವಲ್ಲ, ಫಾಂಟ್ ಒಂದೇ ಏನು ಮಾಡೀತು? 2012ರ ಆಂಡ್ರಾಯ್ಡ್ 4.1 ಅದನ್ನು ತಂದ ಮೇಲೆ ಆ ಕಾರಣ ಸತ್ತಿತು. ಈಗ ಹೇಳುವ ಉಳಿದ ಕಾರಣಗಳನ್ನೂ ಒಂದೊಂದಾಗಿ ಒರೆಗೆ ಹಚ್ಚಬೇಕು.

ಬೇಡದ ಆ್ಯಪ್ ಕಿತ್ತುಹಾಕಬೇಕೇ? ರೂಟ್ ಬೇಡ. ಕಂಪ್ಯೂಟರಿನಿಂದ ಟ್ಯಾಬ್‌ಗೆ ಆದೇಶ ಕಳಿಸುವ ಎಡಿಬಿ ಎಂಬ ಉಪಕರಣದ ಮೂಲಕ, “ಯೂಸರ್ 0”ಗೆ (ಟ್ಯಾಬ್‌ನ ಮುಖ್ಯ ಬಳಕೆದಾರ) ಮಾತ್ರ ಅನ್‌ಇನ್‌ಸ್ಟಾಲ್ ಮಾಡುವ ಆದೇಶ ಕೊಟ್ಟರೆ ಸಾಕು. ಕಂಪ್ಯೂಟರ್ ಇಲ್ಲದಿದ್ದರೆ ಆಂಡ್ರಾಯ್ಡ್ 11ರಿಂದ ಈಚೆಗೆ ವೈ-ಫೈ ಮೂಲಕವೇ ಎಡಿಬಿ ನಡೆಸುವ ವೈರ್‌ಲೆಸ್ ಡಿಬಗಿಂಗ್ ಇದೆ. ಎಡಿಬಿಯ ಅಧಿಕಾರವನ್ನು ಬೇರೆ ಆ್ಯಪ್‌ಗಳಿಗೆ ಕೊಡಿಸುವ ಶಿಜುಕು ಆ್ಯಪ್ ಹಾಕಿ, ಅದರ ಮೇಲೆ ಕ್ಯಾಂಟಾ ಆ್ಯಪ್ ನಡೆಸಿದರೆ ಟ್ಯಾಬ್‌ನಲ್ಲೇ ಕೆಲಸ ಮುಗಿಯುತ್ತದೆ. ಆ್ಯಪ್ ಸಿಸ್ಟಂ ಪಾರ್ಟಿಷನ್ನಿನಲ್ಲಿ ಹಾಗೇ ಉಳಿಯುವುದರಿಂದ ಜಾಗ ಖಾಲಿಯಾಗುವುದಿಲ್ಲ, ಆದರೆ ಹಿನ್ನೆಲೆಯಲ್ಲಿ ಓಡಿ ರ‍್ಯಾಮ್ ತಿನ್ನುವುದು ನಿಲ್ಲುತ್ತದೆ. ಕೈ ತಪ್ಪಿ ಬೇಕಾದ್ದನ್ನೇ ತೆಗೆದರೂ ಫ್ಯಾಕ್ಟರಿ ರೀಸೆಟ್ ವಾಪಸ್ ತರುತ್ತದೆ. ಹೊಸ ಕೀಬೋರ್ಡ್ ಹಾಕುವ ಮೊದಲೇ ಸ್ಯಾಮ್‌ಸಂಗ್ ಕೀಬೋರ್ಡ್ ತೆಗೆದು, ಲಾಕ್ ಪರದೆಯ ಪಾಸ್‌ವರ್ಡ್ ಹೊಡೆಯಲಾಗದೆ ಪರದಾಡುವುದು ಮಾತ್ರ ಬೇಡ.

ಜಾಹೀರಾತಿಗೂ ರೂಟ್ ಬೇಡ. ಸೆಟ್ಟಿಂಗ್ಸ್‌ನಲ್ಲಿ ಪ್ರೈವೇಟ್ ಡಿಎನ್‌ಎಸ್ (ತಾಣದ ಹೆಸರಿಗೆ ವಿಳಾಸ ಹುಡುಕಿಕೊಡುವ ವ್ಯವಸ್ಥೆ) ಇದೆ. ಅಲ್ಲಿ ಅಡ್‌ಗಾರ್ಡ್‌ನ ಡಿಎನ್‌ಎಸ್ ವಿಳಾಸ ಕೊಟ್ಟರೆ ಆಟ, ಸುದ್ದಿ ಆ್ಯಪ್‌ಗಳ ಬಹುಪಾಲು ಜಾಹೀರಾತು ನಿಲ್ಲುತ್ತವೆ. ಯೂಟ್ಯೂಬಿನದು ನಿಲ್ಲುವುದಿಲ್ಲ, ಯಾಕೆಂದರೆ ಅಲ್ಲಿ ಜಾಹೀರಾತೂ ವಿಡಿಯೋವೂ ಒಂದೇ ಮನೆಯಿಂದ ಬರುತ್ತವೆ. ರೂಟ್ ಮಾಡಿ ಜಾಹೀರಾತು ತಾಣಗಳನ್ನು ತಡೆಯಲು ಹೋಸ್ಟ್ಸ್ ಫೈಲ್ ತಿದ್ದಿದರೂ ಗತಿ ಅದೇ.

ವೇಗದ ವಿಷಯಕ್ಕೆ ಬಂದರೆ, 32 ಜಿಬಿ ಟ್ಯಾಬ್‌ನಲ್ಲಿ 29 ಜಿಬಿ ತುಂಬಿಸಿಟ್ಟುಕೊಂಡು ವೇಗ ಕೇಳಿದರೆ ಯಾರೂ ಕೊಡಲಾರರು. ಕಾಲುಭಾಗವಾದರೂ ಖಾಲಿ ಬಿಡಿ, ಡೆವಲಪರ್ ಆಯ್ಕೆಗಳಲ್ಲಿ (ಸೆಟ್ಟಿಂಗ್ಸ್‌ನ ಬಿಲ್ಡ್ ನಂಬರ್ ಮೇಲೆ ಏಳು ಸಲ ಒತ್ತಿದರೆ ಕಾಣುತ್ತವೆ) ಮೂರೂ ಆ್ಯನಿಮೇಷನ್ ಸ್ಕೇಲ್ 0.5ಕ್ಕೆ ಇಳಿಸಿ. ಸಾಲದಿದ್ದರೆ ಫ್ಯಾಕ್ಟರಿ ರೀಸೆಟ್ ಮಾಡಿ, ಹಳೆ ಬ್ಯಾಕಪ್ ಪೂರ್ತಿ ಸುರಿಯದೆ ಬೇಕಾದ ಹತ್ತು ಆ್ಯಪ್ ಮಾತ್ರ ಹಾಕಿ. ಹೆಚ್ಚಿನವರ ರೂಟ್ ಯೋಚನೆ ಇಲ್ಲಿಗೇ ಮುಗಿಯಬೇಕು.

ಹಾಗಾದರೆ ರೂಟ್ ನಿಜವಾಗಿ ಬೇಕಾಗುವುದು ಯಾವುದಕ್ಕೆ? ಆ್ಯಪ್‌ಗಳನ್ನು ಲಾಗಿನ್, ಡೇಟಾ ಸಮೇತ ಬ್ಯಾಕಪ್ ಮಾಡಲು. ಚಾರ್ಜಿಂಗನ್ನು ನಿಮಗೆ ಬೇಕಾದ ಶೇಕಡಾವಾರಿಗೆ ನಿಲ್ಲಿಸಲು. ಪ್ರೊಸೆಸರ್ ನಡೆಯ ಮೇಲೆ ಹಿಡಿತಕ್ಕೆ. ಇಡೀ ಸಿಸ್ಟಂನ ಫಾಂಟ್ ಬದಲಿಸಲು. ಹೊಸ ಆಂಡ್ರಾಯ್ಡ್ ಬೇಕೆನ್ನುವವರಿಗೆ ಬೇಕಾದದ್ದು ರೂಟ್ ಅಲ್ಲ, ಕಸ್ಟಮ್ ರಾಮ್, ಅಂದರೆ ಕಂಪನಿಯದರ ಬದಲು ಹಾಕುವ ಬೇರೆ ಆಂಡ್ರಾಯ್ಡ್. ಅಂಥದ್ದರಲ್ಲೊಂದಾದ ಲಿನಿಯೇಜ್ ಓಎಸ್ ರೂಟ್ ಇಲ್ಲದೆಯೇ ಬರುತ್ತದೆ, ಅದರ ಅಧಿಕೃತ ಪಟ್ಟಿಯಲ್ಲಿ ಈ ಟಿ500, ಟಿ505 ಎರಡೂ ಕಾಣಿಸಿಕೊಂಡಿವೆ. ಭದ್ರತಾ ಅಪ್‌ಡೇಟ್ ನಿಂತ ಟ್ಯಾಬ್‌ಗೆ ನನ್ನ ಓಟು ಅದಕ್ಕೇ.

ಎರಡಕ್ಕೂ ದಾರಿ ಮಾತ್ರ ಒಂದೇ, ಆ ದಾರಿಯಲ್ಲಿ ಎರಡು ಬಾಗಿಲು. ಮೊದಲನೆಯದು ಬೂಟ್‌ಲೋಡರ್ (ಟ್ಯಾಬ್ ಆನ್ ಆದಾಗ ಮೊದಲು ಓಡಿ ಆಂಡ್ರಾಯ್ಡನ್ನು ಎಬ್ಬಿಸುವ ಪ್ರೋಗ್ರಾಂ) ಅನ್‌ಲಾಕ್. ಇದನ್ನು ದಾಟಿದಾಗ ಟ್ಯಾಬ್‌ನೊಳಗಿನ ಡೇಟಾ ಪೂರ್ತಿ ಅಳಿಯುತ್ತದೆ. ಮನಸ್ಸು ಬದಲಾದರೆ ಮತ್ತೆ ಲಾಕ್ ಮಾಡಬಹುದು, ಆಗ ಇನ್ನೊಮ್ಮೆ ಅಳಿಯುತ್ತದೆ. ಎರಡನೆಯದು ಸ್ಯಾಮ್‌ಸಂಗ್ ಸಹಿ ಇಲ್ಲದ ಬೂಟ್ ಇಮೇಜ್ (ಆಂಡ್ರಾಯ್ಡ್ ಶುರುವಾಗಲು ಬೇಕಾದ ಫೈಲ್) ಹಾಕುವುದು. ಅದು ಮೊದಲ ಸಲ ಓಡಿದೊಡನೆ ಚಿಪ್‌ನೊಳಗಿನ ಇ-ಫ್ಯೂಸ್ ಸುಡುತ್ತದೆ. ಸಿಸ್ಟಂ ಸಾಫ್ಟ್‌ವೇರ್ ತುಂಬಲೆಂದೇ ಇರುವ ಡೌನ್‌ಲೋಡ್ ಮೋಡ್ ಪರದೆಯಲ್ಲಿ ವಾರಂಟಿ ವಾಯ್ಡ್ ಎಂಬ ಸಾಲು 0x0 ಇದ್ದದ್ದು 0x1 ಆಗುತ್ತದೆ. ಕಂಪನಿಯ ಫರ್ಮ್‌ವೇರ್ (ಮೂಲ ಸಿಸ್ಟಂ ಸಾಫ್ಟ್‌ವೇರ್) ಪೂರ್ತಿ ವಾಪಸ್ ಹಾಕಿದರೂ ಆ 1 ಮತ್ತೆ 0 ಆಗದು, ಸ್ಯಾಮ್‌ಸಂಗ್‌ನ ಭದ್ರತಾ ವ್ಯವಸ್ಥೆಯಾದ ನಾಕ್ಸ್ ನಂಬಿ ನಡೆಯುವ ಸೆಕ್ಯೂರ್ ಫೋಲ್ಡರ್‌ನಂಥ ಸೌಲಭ್ಯಗಳು ತಿರುಗಿ ಬಾರವು.

ಹಾಗಾಗಿ ಎರಡು ಬಾಗಿಲ ನಡುವೆ ನಿಂತು ಪರೀಕ್ಷೆ ಮಾಡಿ. ಅನ್‌ಲಾಕ್ ಆದ ಮೇಲೆ, ಇನ್ನೇನೂ ಫ್ಲ್ಯಾಶ್ ಮಾಡದೆ (ಸಿಸ್ಟಂ ಫೈಲ್ ಬರೆಯದೆ) ಒಂದೆರಡು ದಿನ ಟ್ಯಾಬ್ ಬಳಸಿ. ಡಿಆರ್‌ಎಂ ಇನ್ಫೋ ಆ್ಯಪ್ ಹಾಕಿ ವೈಡ್‌ವೈನ್ (ವಿಡಿಯೋ ನಕಲು ತಡೆಯುವ ಗೂಗಲ್‌ನ ವ್ಯವಸ್ಥೆ) ಮಟ್ಟ ನೋಡಿ. ಎಲ್1 ಇದ್ದದ್ದು ಎಲ್3ಕ್ಕೆ ಇಳಿದಿದ್ದರೆ ನೆಟ್‌ಫ್ಲಿಕ್ಸ್ 480ಪಿಗೆ ಸೀಮಿತ. 2000×1200 ಪರದೆಯಲ್ಲಿ ಮಸುಕು ಚಿತ್ರ ನೋಡಬೇಕಾಗುತ್ತದೆ. ಸಿನಿಮಾ ನೋಡಲೆಂದೇ ಇಟ್ಟ ಟ್ಯಾಬ್ ಆಗಿದ್ದರೆ ಅಲ್ಲಿಂದಲೇ ಹಿಂದೆ ತಿರುಗಿ ಲಾಕ್ ಮಾಡಿ. ಬ್ಯಾಂಕ್ ಆ್ಯಪ್‌ಗಳೂ ಅಷ್ಟೆ: ಬೂಟ್‌ಲೋಡರ್ ತೆರೆದಿದ್ದರೆ ಸಾಧನ ನಂಬಿಕಸ್ಥವೇ ಎಂದು ನೋಡುವ ಗೂಗಲ್‌ನ ಪ್ಲೇ ಇಂಟಿಗ್ರಿಟಿ ಒಪ್ಪುವುದಿಲ್ಲ, ಅದನ್ನು ಕೇಳುವ ಆ್ಯಪ್ ತೆರೆದುಕೊಳ್ಳುವುದಿಲ್ಲ. ಟಿ500ಗೆ ಈ ಹೆದರಿಕೆ ಅರ್ಧ ಕಡಿಮೆ. ಯುಪಿಐ ನೋಂದಣಿಗೆ ಅದೇ ಸಾಧನದ ಸಿಮ್‌ನಿಂದ ಎಸ್‌ಎಂಎಸ್ ಹೋಗಬೇಕು. ಸಿಮ್ಮೇ ಇಲ್ಲದ ಟ್ಯಾಬ್‌ನಲ್ಲಿ ಕಳೆದುಕೊಳ್ಳುವುದೇನು? ಟಿ505 ಇದ್ದವರು ಯೋಚಿಸಲಿ. “ಸೇಫ್ಟಿನೆಟ್ ಪಾಸ್ ಮಾಡಿಸುವ ಟ್ರಿಕ್” ಎಂಬ ವಿಡಿಯೋ ಸಿಕ್ಕರೆ ಮುಚ್ಚಿಬಿಡಿ. ಪ್ಲೇ ಇಂಟಿಗ್ರಿಟಿಗೆ ಮೊದಲಿದ್ದ ಆ ಸೇಫ್ಟಿನೆಟ್ ಪರೀಕ್ಷೆಯನ್ನೇ ಗೂಗಲ್ 2025ರಲ್ಲಿ ನಿಲ್ಲಿಸಿದೆ.

ಇನ್ನು ಕೆಲಸಕ್ಕೆ ಇಳಿಯುವವರಿಗೆ ಮೊದಲ ಪಾಠ ಬಿಲ್ಡ್ ನಂಬರ್ ಓದುವುದು. ಈ ರೂಪದ ಒಂದು ನಂಬರ್ ತೆಗೆದುಕೊಳ್ಳಿ: ಟಿ500ಎಕ್ಸ್‌ಎಕ್ಸ್‌ಯು4ಸಿವಿಜಿ2. ಬಲದಿಂದ ಎಣಿಸಿ. ಕೊನೆಯ 2 ಆ ತಿಂಗಳ ಬಿಲ್ಡ್ ಕ್ರಮಸಂಖ್ಯೆ. ಜಿ ಅಂದರೆ ಏಳನೇ ತಿಂಗಳು, ಜುಲೈ. ವಿ ಅಂದರೆ 2022. ಹಿಂದಿನ ವರ್ಷ ಯು, ಮುಂದಿನದು ಡಬ್ಲ್ಯೂ. ಸಿ ಅಂದರೆ ಮೂರನೇ ಆಂಡ್ರಾಯ್ಡ್ ಆವೃತ್ತಿ: 10ಕ್ಕೆ ಎ, 11ಕ್ಕೆ ಬಿ, 12ಕ್ಕೆ ಸಿ. ಐದನೆಯದು, ಆ 4, ಬೂಟ್‌ಲೋಡರ್ ಆವೃತ್ತಿ. ಇದು ಹತ್ತುವ ಏಣಿ, ಇಳಿಯಲು ಬರುವುದಿಲ್ಲ. ಟ್ಯಾಬ್‌ನಲ್ಲಿ 4 ಇದ್ದು ನೀವು 3ರ ಫರ್ಮ್‌ವೇರ್ ಹಾಕಲು ಹೋದರೆ, ಕಂಪ್ಯೂಟರಿನಿಂದ ಫರ್ಮ್‌ವೇರ್ ತುಂಬುವ ಓಡಿನ್ ಪ್ರೋಗ್ರಾಂನಲ್ಲಿ ಕೆಂಪು ‘ಫೇಲ್’, ಟ್ಯಾಬ್ ಪರದೆಯ ಮೇಲೆ “ಎಸ್‌ಡಬ್ಲ್ಯೂ ರೆವ್ ಚೆಕ್ ಫೇಲ್, ಡಿವೈಸ್ 4, ಬೈನರಿ 3”. ಕೇಬಲ್ ಬದಲಿಸಿ, ಪೋರ್ಟ್ ಬದಲಿಸಿ ಗಂಟೆಗಟ್ಟಲೆ ಒದ್ದಾಡುವವರು ಈ ಒಂದು ಅಂಕಿ ನೋಡಿದ್ದರೆ ಸಾಕಿತ್ತು. ಟ್ಯಾಬ್‌ನಲ್ಲಿ ಈಗ ಇರುವ ಬಿಲ್ಡ್ ಯಾವುದೋ ಅದೇ ಫರ್ಮ್‌ವೇರ್ ತನ್ನಿ.

ಫರ್ಮ್‌ವೇರ್ ಕಂಪ್ಯೂಟರಿನಲ್ಲಿ ಇಳಿಸಿ, ಬಿಚ್ಚಿ, ಎದುರಿಗೆ ಇಟ್ಟುಕೊಳ್ಳುವ ತನಕ ಟ್ಯಾಬ್ ಮುಟ್ಟಬೇಡಿ. ಏನಾದರೂ ಕೆಟ್ಟರೆ ಮೇಲೆತ್ತುವ ಹಗ್ಗ ಅದೊಂದೇ. ಹೆಸರಿಲ್ಲದ ಬ್ರಾಂಡಿನ, ಫರ್ಮ್‌ವೇರೇ ಎಲ್ಲೂ ಸಿಗದ ಟ್ಯಾಬ್ ಆಗಿದ್ದರೆ ರೂಟ್ ವಿಚಾರ ಅಲ್ಲಿಗೆ ಕೈಬಿಡಿ. ಕಾಲೇಜು, ಕಚೇರಿಯಿಂದ ಬಂದ ಟ್ಯಾಬ್‌ಗೂ ಇದೇ ಮಾತು. ಅದು ನಿಮ್ಮ ಸ್ವತ್ತಲ್ಲ.

ಫೋಟೋ, ದಾಖಲೆ ಬೇರೆಡೆ ಉಳಿಸಿ, ಗೂಗಲ್ ಮತ್ತು ಸ್ಯಾಮ್‌ಸಂಗ್ ಖಾತೆಗಳನ್ನು ಟ್ಯಾಬ್‌ನಿಂದ ತೆಗೆಯಿರಿ. ಚಾರ್ಜ್ ಶೇ. 60ರ ಮೇಲಿರಲಿ. ಬಿಲ್ಡ್ ನಂಬರ್ ಮೇಲೆ ಏಳು ಸಲ ಒತ್ತಿ, ಡೆವಲಪರ್ ಆಯ್ಕೆಗಳಲ್ಲಿ ಓಇಎಂ ಅನ್‌ಲಾಕಿಂಗ್ ಆನ್ ಮಾಡಿ. ಟ್ಯಾಬ್ ಆಫ್ ಮಾಡಿ, ವಾಲ್ಯೂಮ್ ಎರಡೂ ಬಟನ್ ಒಟ್ಟಿಗೆ ಹಿಡಿದುಕೊಂಡೇ ಕಂಪ್ಯೂಟರಿಗೆ ಹಾಕಿದ ಕೇಬಲ್ ಚುಚ್ಚಿ. ನೀಲಿ ಎಚ್ಚರಿಕೆ ಪರದೆ ಬರುತ್ತದೆ. ವಾಲ್ಯೂಮ್ ಅಪ್ ದೀರ್ಘವಾಗಿ ಒತ್ತಿದರೆ ಅನ್‌ಲಾಕ್.

ಇಲ್ಲೊಂದು ಮುಳ್ಳಿದೆ. ಅನ್‌ಲಾಕ್ ಆದೊಡನೆ ಫ್ಲ್ಯಾಶ್ ಮಾಡಲು ಹೋದರೆ “ಅಧಿಕೃತ ಬೈನರಿಗೆ ಮಾತ್ರ ಅವಕಾಶ” ಎಂದು ಟ್ಯಾಬ್ ತಳ್ಳಿಹಾಕುತ್ತದೆ. ವಾಲ್ಟ್‌ಕೀಪರ್ ಎಂಬ ಕಾವಲುಗಾರ ಇನ್ನೂ ಒಪ್ಪಿಲ್ಲ ಅಂತ ಅರ್ಥ. ಟ್ಯಾಬ್ ಸೆಟಪ್ ಮುಗಿಸಿ, ವೈ-ಫೈಗೆ ಹಾಕಿ, ಡೆವಲಪರ್ ಆಯ್ಕೆಗಳನ್ನು ಮತ್ತೆ ತೆರೆಯಿರಿ. ಓಇಎಂ ಅನ್‌ಲಾಕಿಂಗ್ ಆನ್ ಆಗಿದ್ದು ಬೂದು ಬಣ್ಣದಲ್ಲಿ, ಒತ್ತಲು ಬಾರದಂತೆ ಕಂಡರೆ ದಾರಿ ತೆರೆದಿದೆ.

ಬೂಟ್ ಇಮೇಜಿಗೆ ತೇಪೆ ಹಾಕಿ ರೂಟ್ ಕೊಡುವ ಆ್ಯಪ್ ಮ್ಯಾಜಿಸ್ಕ್. ಅದಕ್ಕೆ ಸ್ವಂತ ವೆಬ್‌ಸೈಟ್ ಇಲ್ಲ. ಗಿಟ್‌ಹಬ್ ಪುಟ ಒಂದೇ ಅಧಿಕೃತ, ಹುಡುಕಾಟದಲ್ಲಿ ಮೇಲೆ ಬರುವ ‘ಮ್ಯಾಜಿಸ್ಕ್ ಡೌನ್‌ಲೋಡ್’ ತಾಣಗಳು ನಕಲಿ. ಒಂದೇ ಕ್ಲಿಕ್ಕಿನಲ್ಲಿ ರೂಟ್ ಮಾಡುತ್ತೇವೆನ್ನುವ ಆ್ಯಪ್‌ಗಳಂತೂ ಹಳೆಯ ಆಂಡ್ರಾಯ್ಡ್ ತೂತುಗಳನ್ನು ನಂಬಿದವು, ಈಗ ಕೆಲಸಕ್ಕೆ ಬಾರವು. ಫರ್ಮ್‌ವೇರ್ ಬಿಚ್ಚಿದಾಗ ಸಿಗುವ ಫೈಲುಗಳ ಪೈಕಿ ಆಂಡ್ರಾಯ್ಡ್ ಸಿಸ್ಟಂ ಇರುವ ಎಪಿ ಫೈಲನ್ನು ಟ್ಯಾಬ್‌ಗೆ ಕಾಪಿ ಮಾಡಿ. ಮೂಲದ್ದೂ ತೇಪೆ ಹಾಕಿದ್ದೂ ಎರಡೂ ಹಿಡಿಯಬೇಕು, ಸುಮಾರು 10 ಜಿಬಿ ಖಾಲಿ ಇರಲಿ. ಮ್ಯಾಜಿಸ್ಕ್‌ನಲ್ಲಿ ‘ಇನ್‌ಸ್ಟಾಲ್’ ಒತ್ತಿ ಆ ಫೈಲ್ ಆರಿಸಿ. ತಯಾರಾದ ಹೊಸ ಫೈಲನ್ನು ಕಂಪ್ಯೂಟರಿಗೆ ತರುವಾಗ ಎಳೆದು ಬಿಡುವ ಮಾಮೂಲಿ ಕಾಪಿ ಬೇಡ, ಎಡಿಬಿ ಪುಲ್ ಬಳಸಿ. ಮಾಮೂಲಿ ಕಾಪಿ ಬಳಸುವ ಎಂಟಿಪಿ ಮೂಲಕ ದೊಡ್ಡ ಫೈಲ್ ಬರುವಾಗ ಕೆಡುವುದುಂಟು, ಕೆಟ್ಟ ಫೈಲ್ ಹೊರಗಿನಿಂದ ಸರಿಯಾಗಿಯೇ ಕಾಣುತ್ತದೆ.

ಆಮೇಲೆ ಡೌನ್‌ಲೋಡ್ ಮೋಡ್, ವಿಂಡೋಸ್‌ನಲ್ಲಿ ಓಡಿನ್. ಬಿಎಲ್ (ಬೂಟ್‌ಲೋಡರ್), ಸಿಎಸ್‌ಸಿ (ಪ್ರದೇಶಕ್ಕೆ ತಕ್ಕ ಸೆಟ್ಟಿಂಗ್) ಫೈಲುಗಳು ಮೂಲದವು. ಪ್ಯಾಕೇಜಿನಲ್ಲಿ ಸಿಪಿ (ಮೋಡೆಮ್) ಫೈಲ್ ಇದ್ದರೆ ಅದೂ ಮೂಲದ್ದೇ. ಎಪಿ ಜಾಗದಲ್ಲಿ ಮಾತ್ರ ತೇಪೆ ಹಾಕಿದ್ದು. ಮೊದಲ ಸಲ ಡೇಟಾ ಉಳಿಸುವ ಹೋಮ್ ಸಿಎಸ್‌ಸಿ ಬೇಡ, ಸಾದಾ ಸಿಎಸ್‌ಸಿಯೇ ಇರಲಿ, ಡೇಟಾ ಮತ್ತೆ ಅಳಿಯಲೇಬೇಕು. ಬೂಟ್ ಆಗುವಾಗ ರಿಕವರಿ ಪರದೆ ಬಂದು ಫ್ಯಾಕ್ಟರಿ ರೀಸೆಟ್ ಕೇಳಿದರೆ ಗಾಬರಿ ಬೇಡ, ಒಪ್ಪಿಕೊಳ್ಳಿ. ಕೊನೆಗೆ ಮ್ಯಾಜಿಸ್ಕ್ ಆ್ಯಪ್ ತೆರೆದರೆ ಹೆಚ್ಚುವರಿ ಸೆಟಪ್ ಕೇಳಿ, ರೀಬೂಟ್ ಮಾಡಿಕೊಳ್ಳುತ್ತದೆ.

ಓಡಿನ್ ಶುರುವಿನಲ್ಲೇ ‘ಸೆಟಪ್ ಕನೆಕ್ಷನ್’ನಲ್ಲಿ ನಿಂತರೆ ತಪ್ಪು ಹೆಚ್ಚಾಗಿ ಕೇಬಲಿನದು, ಇಲ್ಲವೇ ಸ್ಯಾಮ್‌ಸಂಗ್ ಯುಎಸ್‌ಬಿ ಡ್ರೈವರ್ ಹಾಕಿಲ್ಲ. ರೂಟ್ ಆದ ಮೇಲೆ ಜನ ಮಾಡುವ ದೊಡ್ಡ ತಪ್ಪು, ಬೂಟ್ ಅಥವಾ ವಿಬಿಮೆಟಾ (ಸಹಿ ಪರೀಕ್ಷೆಯ ಮಾಹಿತಿ ಇರುವ ಭಾಗ) ಒಂದನ್ನೇ ಮೂಲಕ್ಕೆ ಮರಳಿಸಲು ಹೋಗುವುದು. ಟ್ಯಾಬ್ ಏಳುವುದಿಲ್ಲ, ಇಡೀ ಫರ್ಮ್‌ವೇರ್ ಹಾಕಿ ಡೇಟಾ ಕಳೆದುಕೊಳ್ಳಬೇಕು. ತಾನಾಗಿ ಬರುವ ಅಪ್‌ಡೇಟ್ ಕೂಡ ನಿಲ್ಲುತ್ತದೆ. ಹೊಸದು ಬೇಕೆಂದಾಗಲೆಲ್ಲ ಹೊಸ ಎಪಿಗೆ ಮತ್ತೆ ತೇಪೆ, ಆಗ ಹೋಮ್ ಸಿಎಸ್‌ಸಿ ಹಾಕಿದರೆ ಡೇಟಾ ಉಳಿಯುತ್ತದೆ.

ಬೇಕಾದದ್ದು ಚಾರ್ಜಿಂಗ್ ಮಿತಿಯೊಂದೇ ಆಗಿದ್ದರೆ ಇಷ್ಟೆಲ್ಲ ಮೂಗಿಗಿಂತ ಮೂಗುತಿ ಭಾರ. ಗೋಡೆಗೆ ಹಾಕಿ ಹಗಲೂ ರಾತ್ರಿ ಚಾರ್ಜರಿನಲ್ಲಿಟ್ಟ ಟ್ಯಾಬ್‌ನ ಬ್ಯಾಟರಿ ಉಬ್ಬುವುದು ನಿಜ; 100ರಲ್ಲಿ ನಿಂತ ಲಿಥಿಯಂ ಸೆಲ್‌ಗೆ ಬಿಸಿಯೂ ಸೇರಿದರೆ ಹಾಗಾಗುತ್ತದೆ. ಸೆಟ್ಟಿಂಗ್ಸ್‌ನ ಬ್ಯಾಟರಿ ವಿಭಾಗದಲ್ಲಿ ‘ಪ್ರೊಟೆಕ್ಟ್ ಬ್ಯಾಟರಿ’ ಇದೆಯೇ ನೋಡಿ, ಇದ್ದರೆ 85ಕ್ಕೆ ನಿಲ್ಲಿಸುತ್ತದೆ. ಇಲ್ಲವಾದರೆ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಕೆಲವು ನೂರು ರೂಪಾಯಿಗೆ ಟೈಮರ್ ಪ್ಲಗ್ ಸಿಗುತ್ತದೆ. 7040 ಎಂಎಎಚ್ ಅಂದರೆ ಸುಮಾರು 27 ವಾಟ್-ಅವರ್. ಪರದೆ ಉರಿಯುತ್ತಿದ್ದಾಗ 4 ವಾಟ್ ತಿನ್ನುತ್ತದೆ ಎಂದುಕೊಂಡರೆ ಮೂರು ಗಂಟೆಗೆ 12. 15 ವಾಟ್ ಚಾರ್ಜರ್ ಒಂದು ಗಂಟೆಯಲ್ಲಿ ಅಷ್ಟನ್ನು ತುಂಬುತ್ತದೆ. ಮೂರು ಗಂಟೆಗೆ ಒಂದು ಗಂಟೆ ಆನ್ ಆಗುವಂತೆ ತಿರುಗಿಸಿಡಿ, ವಾರ ಕಾಲ ಶೇಕಡಾವಾರು ಗಮನಿಸಿ. 80 ದಾಟುತ್ತಿದ್ದರೆ ಕಾಲು ಗಂಟೆ ಕಡಿಮೆ ಮಾಡಿ.